ನೋಡಿದವರು ಬರೆಯಬಾರದು

ನಮ್ಮ ಊರಿನಲ್ಲಿ ಮುಚ್ಚಿಟ್ಟದ್ದು ನಡೆಯುವುದಿಲ್ಲ. ಇದನ್ನು ನೀತಿಮಾತು ಅಂದುಕೊಳ್ಳಬೇಡಿ, ನೀತಿಗೂ ನಮಗೂ ಅಷ್ಟಕ್ಕಷ್ಟೇ. ನಾನು ಹೇಳುತ್ತಿರುವುದು ಮಿಕ್ಸರಿನ ವಿಷಯ. ಮಿಕ್ಸರಿನ ಒಳಗೆ ಏನಿದೆ, ಅದು ಹೇಗೆ ತಿರುಗುತ್ತದೆ ಎಂದು ಯಾರಾದರೂ ಬರೆದು, ಬೇವಿನ ಕಟ್ಟೆಯ ಮೇಲೆ ನಿಂತು ಊರಿಗೆ ಕೇಳಿಸುವಂತೆ ಓದಬೇಕು. ಓದಿದರೆ ತಿರುಗುತ್ತದೆ. ಓದದಿದ್ದರೆ ಗಡಿಕಲ್ಲು ದಾಟಿ ಊರೊಳಗೆ ಬಂದ ಗಳಿಗೆಯಿಂದ ಅದು ಹಿತ್ತಾಳೆ ತಂಬಿಗೆಗಿಂತ ಕಡೆ. ತಂಬಿಗೆಯಲ್ಲಿ ನೀರಾದರೂ ನಿಲ್ಲುತ್ತದೆ. ಬೀಗಕ್ಕೂ ಇದೇ ಕಟ್ಟಳೆ, ಗಡಿಯಾರಕ್ಕೂ ಇದೇ, ಬಸ್ಸಿಗೂ ಇದೇ. ಗುಟ್ಟಿನ ಮಸಾಲೆ ಹಾಕಿದ ಸಾರು ಬಡಿಸುವ ಮೊದಲೇ ಹಳಸುತ್ತದೆ. ಹೀಗಾಗಿ ನಮ್ಮೂರ ಖಾನಾವಳಿಗಳು ಅಡುಗೆಯ ವಿವರವನ್ನೆಲ್ಲ ಬಾಗಿಲ ಮೇಲೆ ಬರೆದಿಟ್ಟಿವೆ. ಎಲ್ಲರಿಗೂ ಎಲ್ಲರ ಅಡುಗೆ ಗೊತ್ತು, ಆದರೂ ಜನ ಸಾಲುಗಟ್ಟುವುದು ಒಂದೇ ಖಾನಾವಳಿಯ ಮುಂದೆ.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. "ಫ್ಯಾನ್ ಬರತೈತೇನವಾ?" ಎಂದು ಕೇಳುತ್ತಾರೆ. ಹುಡುಗಿ ತಲೆ ತಗ್ಗಿಸಿಕೊಂಡು ತಂತಿಯ ಸುರುಳಿಯಿಂದ ಶುರು ಮಾಡಿ ರೆಕ್ಕೆಯ ತನಕ ಒಪ್ಪಿಸಬೇಕು. ನಡುವೆ "ಗೊತ್ತಿಲ್ಲ" ಅಂದಳೋ, ಬಂದವರು ಅವಲಕ್ಕಿ ತಿಂದು ಎದ್ದು ಹೋಗುತ್ತಾರೆ. ಆದ್ದರಿಂದ "ಗೊತ್ತಿಲ್ಲ" ಎಂಬ ಮಾತನ್ನು ನಮ್ಮೂರಿನವರು ಪ್ರಾಣ ಹೋದರೂ ಆಡುವುದಿಲ್ಲ. ದಾರಿ ಗೊತ್ತಿಲ್ಲದಿದ್ದರೂ ದಾರಿ ತೋರಿಸುವವರು ನಾವು.

ಈ ಕಟ್ಟಳೆ ಸಾಮಾನುಗಳಿಗೆ ಮಾತ್ರ, ಮನುಷ್ಯರಿಗಲ್ಲ. ಮನುಷ್ಯರಿಗೂ ಇದ್ದಿದ್ದರೆ ಊರಲ್ಲಿ ಎದ್ದು ಓಡಾಡುವವರೇ ಇರುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ನಾನೇ ಹಾಸಿಗೆ ಹಿಡಿದಿರುತ್ತಿದ್ದೆ.

ನನ್ನ ಹೆಸರು ದಾನಮ್ಮ. ನೇಕಾರರ ಸೊಸೈಟಿಯಲ್ಲಿ ಸೀರೆಯ ಸೆರಗು ಅಂಚುಗಳಿಗೆ ನಕ್ಷೆ ತೆಗೆಯುವುದು ನನ್ನ ಕೆಲಸ. ಮಗ್ಗಕ್ಕೆ ಹೂವು ಬಳ್ಳಿ ಏನೂ ತಿಳಿಯದು, ಅದಕ್ಕೆ ತಿಳಿಯುವುದು ಚೌಕ ಒಂದೇ: ಈ ಎಳೆ ಮೇಲೆ, ಆ ಎಳೆ ಕೆಳಗೆ. ಮೂವತ್ತೆಂಟು ವರ್ಷ ನಾನು ಹೂವನ್ನೆಲ್ಲ ಚೌಕ ಮಾಡುತ್ತ ಬಂದಿದ್ದೇನೆ. ಗಂಡ ತೀರಿಕೊಂಡ ಹದಿನಾರನೆಯ ದಿನ ಕೆಲಸಕ್ಕೆ ಹೋದವಳು ನಾನು. ಜನ ಆಡಿಕೊಂಡರು, ಆಡಿಕೊಳ್ಳಲಿ ಬಿಡಿ. ಆ ಚೌಕಗಳ ಮುಂದೆ ಕೂತಾಗ ಮಾತ್ರ ನನಗೆ ನಾನು ಮನುಷ್ಯಳು ಅನ್ನಿಸುತ್ತದೆ. ನಾಲ್ಕು ವರ್ಷದಿಂದ ನನ್ನ ಕಣ್ಣಿನ ನರ ಸೋಲುತ್ತಿದೆ. ಪರ ಊರಿನ ಡಾಕ್ಟರು, ಇದ್ದಷ್ಟು ಉಳಿಸಿಕೊಳ್ಳಿ ಅಂದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಹೆತ್ತ ಮಗಳಿಗೂ ಹೇಳಲಿಲ್ಲ. ಯಾಕೆಂದರೆ ಸೊಸೈಟಿಯ ಕಾಯಿದೆಯ ಏಳನೆಯ ಕಲಮು ಹೀಗಿದೆ: ಚೌಕ ಕಾಣದವರಿಗೆ ನಕ್ಷೆಯ ಕೆಲಸವಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಚೌಕವನ್ನೂ ರೊಟ್ಟಿಯಷ್ಟು ದೊಡ್ಡದು ಮಾಡಿಕೊಂಡು, ಯಾರಾದರೂ ಒಳಗೆ ಬಂದರೆ ಚಟಕ್ಕನೆ ಸಣ್ಣದು ಮಾಡಿ, ಹೇಗೋ ನಡೆಸಿಕೊಂಡು ಹೋಗುತ್ತಿದ್ದೆ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಕಂಪ್ಯೂಟರನ್ನು ನಡೆಸುವ ಬರಹವಾದ ಲಿನಕ್ಸ್. ಅದರ ಒಂದೊಂದು ಸಾಲೂ ಬಯಲಲ್ಲೇ ಇರುವುದರಿಂದ ನಮ್ಮ ಊರಿಗೆ ಹೇಳಿ ಮಾಡಿಸಿದಂತಿತ್ತು. ಕಟ್ಟೆಯ ಮೇಲೆ ಅದನ್ನು ಓದಿ ಮುಗಿಸಲು ಹನ್ನೊಂದು ವರ್ಷ ಹಿಡಿಯಿತು. ಓದಲು ಕೂತವರಲ್ಲಿ ಇಬ್ಬರು ನಡುವೆಯೇ ತೀರಿಕೊಂಡರು, ಕೇಳಲು ಕೂತವರಲ್ಲಿ ಮೂರು ಜೋಡಿಗೆ ಮದುವೆ ಕೂಡಿಬಂತು. ಆಮೇಲೆ ಕಂಪ್ಯೂಟರು ಶುರುವಾಯಿತು, ಚೆನ್ನಾಗಿಯೇ ನಡೆಯಿತು. ಕಳೆದ ಬೇಸಿಗೆಯಲ್ಲಿ ಅದರ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಹಲಗೆ ಅದು. ಹಳೆಯ ಬಗೆಯದು ಈಗ ಎಲ್ಲೂ ಸಿಗುವುದಿಲ್ಲ ಎಂದು ಸೊಸೈಟಿಯ ಕಾರ್ಯದರ್ಶಿ ವೆಂಕೋಬರಾಯರು ಹೊಸದೊಂದನ್ನು ತರಿಸಿದರು. ರಾಯರು ಮೊದಲು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ನಿವೃತ್ತಿಯಾದರೂ ಕೆಂಪು ಶಾಯಿಯ ಪೆನ್ನು ಕಿಸೆಯಿಂದ ಇಳಿದಿಲ್ಲ. ಹೊಸ ಕಾರ್ಡ್ ಬಂತು, ಕೂಡಿಸಿದೆವು, ಪರದೆ ರೊಟ್ಟಿ ಹಂಚಿನ ಹಾಗೆ ಕಪ್ಪಗೆ ಕೂತಿತು.

ಕಾರ್ಡಿನ ತಪ್ಪೇನಿರಲಿಲ್ಲ. ಕಂಪ್ಯೂಟರು ಆ ಕಾರ್ಡಿಗೆ ಯಾವ ಮಾತನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬ ಬರಹ ಒಂದಿರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಈ ಕಾರ್ಡನ್ನು ಮಾಡಿದ ಕಂಪನಿಯವರು ತಮ್ಮ ಡ್ರೈವರನ್ನು ಯಾರಿಗೂ ತೋರಿಸದೆ ಮುಚ್ಚಿಟ್ಟಿದ್ದರು. ಗಡಿಕಲ್ಲಿನ ಆಚೆ ಒಯ್ದರೆ ಹಬ್ಬದ ಹಾಗೆ ಬಣ್ಣ ಬಣ್ಣ, ಈಚೆ ತಂದರೆ ಅಮಾವಾಸ್ಯೆ.

"ಅಲ್ಲೀತನಕಾ ಕಾಗದದ ಮ್ಯಾಲೆ ನಕ್ಷಿ ತಗೀರಿ ದಾನಮ್ಮನವರ," ಅಂದರು ರಾಯರು. "ಮೊದಲ ಹಂಗ ತಗೀತಿದ್ದಿರಲ್ಲ."

ಕಾಗದದ ಚೌಕ ನನಗೆ ಕಾಣುವುದು ಬಿಟ್ಟು ಮೂರು ವರ್ಷವಾಗಿತ್ತು. "ಕಾಗದದ ಕಾಲ ಹೋತ್ರೀ ರಾಯರ," ಅಂದೆ. "ನಾವು ಹಿಂದಕ್ಕ ಹೋಗಬಾರದು. ಡ್ರೈವರ್ ನಾವ ಬರಕೊಳ್ಳೋಣು." ಕಟ್ಟೆಯ ಮೇಲೆ ಕೂತವರೆಲ್ಲ, ಹೌದ್ಹೌದು, ದಾನಮ್ಮ ಮುಂದಿನದು ನೋಡ್ತಾಳ, ಅಂದರು. ನನಗೆ ಮುಂದಿನದು ಹೋಗಲಿ, ಎದುರಿಗಿದ್ದವರ ಮೂಗೂ ಸರಿಯಾಗಿ ಕಾಣುತ್ತಿರಲಿಲ್ಲ.

ಕಾರ್ಡಿನ ಪೆಟ್ಟಿಗೆಯಲ್ಲಿ ಒಂದು ಎಚ್ಚರಿಕೆಯ ಕಾಗದವೂ ಇತ್ತು. ನಮ್ಮ ಡ್ರೈವರನ್ನು ಬಿಚ್ಚಿ ಅದರ ನಡೆಯನ್ನು ನೋಡಿದವರು ಅಂಥದ್ದೇ ಇನ್ನೊಂದನ್ನು ಬರೆಯಕೂಡದು ಎಂದು. ಬೇರೆ ಊರಿನವರಾದರೆ ಆ ಕಾಗದದಲ್ಲಿ ಚುರುಮುರಿ ಕಟ್ಟುತ್ತಿದ್ದರು. ನಮ್ಮ ರಾಯರು ಅದನ್ನು ಮನೆಗೊಯ್ದು ಮೂರು ವಾರ ಓದಿದರು. ನಿವೃತ್ತಿಯಾದ ಮೇಲೆ ಅವರು ಅಷ್ಟು ಸುಖವಾಗಿದ್ದದ್ದನ್ನು ಊರು ಕಂಡಿರಲಿಲ್ಲ. ನಾಲ್ಕನೆಯ ವಾರ ಕಟ್ಟೆಗೆ ಬಂದು ತೀರ್ಪು ಹೇಳಿದರು.

"ಒಬ್ಬರು ನೋಡಬೇಕು, ಇನ್ನೊಬ್ಬರು ಬರೀಬೇಕು. ನೋಡಿದವರು ಬರೀಬಾರದು, ಬರಿಯೋರು ನೋಡಬಾರದು. ಇಬ್ಬರ ನಡುವ ಒಂದು ಮಾತು, ಒಂದು ಸನ್ನಿ, ಒಂದು ನಗಿ ಸುದ್ಧಾ ಇರಬಾರದು. ಬರೇ ಚೀಟಿ. ಆ ಚೀಟಿ ನನ್ನ ಕೈಯಾಗಿಂದ ದಾಟಬೇಕು. ಅಂಥಾ ಇಬ್ಬರನ್ನ ಮೊದಲು ಹುಡುಕಬೇಕಾಗೇದ."

"ಹುಡುಕೂದ್ಯಾಕ್ರೀ?" ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. "ದಾನಮ್ಮ, ನೀಲಗಂಗವ್ವ ಅದಾರಲ್ಲ. ಐದು ವರ್ಷದಿಂದ ಅದನ್ನ ಮಾಡಾಕತ್ತಾರ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನು ನಗಲಿಲ್ಲ. ಆ ತುದಿಯಲ್ಲಿ ನೀಲಗಂಗವ್ವನೂ ನಗಲಿಲ್ಲವಂತೆ.

ನೀಲಗಂಗವ್ವ ನನ್ನ ಬೀಗತಿ, ಕಟ್ಟೆಯ ಮೇಲೆ ಲಿನಕ್ಸ್ ಓದಿದವರಲ್ಲಿ ಒಬ್ಬಳು. ನನ್ನ ಒಬ್ಬಳೇ ಮಗಳು ಅನಸೂಯಾಳನ್ನು ಅವಳ ಮಗನಿಗೆ ಕೊಟ್ಟಿದ್ದೇನೆ. ನಿಶ್ಚಯದ ದಿನ ಆಕೆ ನಮ್ಮ ಮನೆಗೆ ಬುಟ್ಟಿ ತುಂಬ ಹೂರಣದ ಹೋಳಿಗೆ ತಂದಿದ್ದಳು. ಊಟಕ್ಕೆ ಕೂತು ಮುರಿದರೆ ಹೋಳಿಗೆ ಹಳಸಿದ ವಾಸನೆ. ಬೇರೆ ಊರಿನವರು ಸೆಕೆಗೆ ಕೆಟ್ಟಿರಬೇಕು ಅನ್ನುತ್ತಿದ್ದರು. ನಾನು ಈ ಊರಿನವಳು, ತುಂಬಿದ ಪಂಕ್ತಿಯಲ್ಲಿ ಅಂದುಬಿಟ್ಟೆ: "ಏನೋ ಮುಚ್ಚಿಟ್ಟಾರ." ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಕೆ ಎದ್ದು ನಿಂತು, "ನನ್ನ ಕಡೆ ಏನೂ ಮುಚ್ಚಿಟ್ಟಿಲ್ಲ" ಎಂದು ಒಂದೇ ಮಾತು ಹೇಳಿ ಹೋದಳು. ಮದುವೆಯೇನೋ ನಡೆಯಿತು, ನಾವಿಬ್ಬರು ಮಾತ್ರ ಅಕ್ಷತೆಯನ್ನು ಬೇರೆ ಬೇರೆ ಬಾಗಿಲಿನಿಂದ ಹಾಕಿದೆವು. ಆ ದಿನದ ಸೆಕೆಯಲ್ಲಿ ನನ್ನ ಮನೆಯ ಹಾಲೂ ಒಡೆದಿತ್ತು. ಅದನ್ನು ಸಂಜೆ ನೋಡಿದೆ, ಸುಮ್ಮನೆ ಮೋರಿಗೆ ಚೆಲ್ಲಿದೆ.

ನೋಡುವ ಪಾಲು ನನಗೆ ಬಂತು. ಕಣ್ಣಿಲ್ಲದವಳಿಗೆ ನೋಡುವ ಕೆಲಸ. ಬೇಡ ಅನ್ನಲು ಕಾರಣ ಕೊಡಬೇಕಲ್ಲ, ಕೊಡುವ ಹಾಗಿರಲಿಲ್ಲ. "ಬರಿಯೋದು ನಾ ಮಾಡ್ತೀನಿ" ಅಂದು ನೋಡಿದೆ. "ಬ್ಯಾಡ್ರೀ, ನಿಮ್ಮದು ನಕ್ಷಿ ತೆಗೆದ ಕಣ್ಣು, ಹದ್ದಿನ ಕಣ್ಣು," ಅಂದರು ರಾಯರು.

ಗಡಿಕಲ್ಲಿನ ಆಚೆ ಒಂದು ಹಿಟ್ಟಿನ ಗಿರಣಿ ಇದೆ. ಅದರ ತಗಡಿನ ಚಪ್ಪರದ ಕೆಳಗೆ ಒಂದು ಕಂಪ್ಯೂಟರು, ಒಳಗೆ ಅದೇ ಬಗೆಯ ಇನ್ನೊಂದು ಕಾರ್ಡ್, ಕಂಪನಿಯ ಮುಚ್ಚಿದ ಡ್ರೈವರ್. ಪಕ್ಕದಲ್ಲಿ ಒಂದು ಪೆಟ್ಟಿಗೆ. ಕಂಪ್ಯೂಟರು ಕಾರ್ಡಿಗೆ ಕಳಿಸುವ ಅಂಕಿಗಳನ್ನೆಲ್ಲ ಅದು ದಪ್ಪ ಅಕ್ಷರದಲ್ಲಿ ಕಾಗದದ ಪಟ್ಟಿಯ ಮೇಲೆ ಹೊಡೆದು ಕೊಡುತ್ತಿತ್ತು. ಆ ದಪ್ಪ ಅಕ್ಷರ ನನ್ನ ಪುಣ್ಯ. ಒಂದು ಕೆಂಪು ಗೆರೆ ಎಳೆ ಎಂದು ಹೇಳುವುದು, ಕಾರ್ಡಿನೊಳಗಿನ ಯಾವ ಮನೆಗೆ, ಅಂದರೆ ಯಾವ ಖಾನೆಗೆ, ಯಾವ ಅಂಕಿ ಹೋಯಿತು ನೋಡುವುದು, ಬರೆದುಕೊಳ್ಳುವುದು. ನೀಲಿ ಗೆರೆ ಎಳೆ ಎನ್ನುವುದು, ಯಾವ ಅಂಕಿ ಬದಲಾಯಿತು ನೋಡುವುದು. ಹೀಗೆ ದಿನಕ್ಕೆ ಮುನ್ನೂರು ಸಲ. ಸಂಜೆ ಮೈತುಂಬ ಜೋಳದ ಹಿಟ್ಟು ಹೊತ್ತು ಊರೊಳಗೆ ಬಂದರೆ ಎದುರಿಗೆ ಸಿಕ್ಕ ಮಕ್ಕಳು ಚೀರಿ ಓಡುತ್ತಿದ್ದವು.

ರಾಯರು ಗಡಿಕಲ್ಲಿನ ಹತ್ತಿರ ಕುರ್ಚಿ ಹಾಕಿಕೊಂಡು, ಒಂದು ಕಾಲು ಆಚೆ ಒಂದು ಕಾಲು ಈಚೆ ಚಾಚಿ ಕೂತಿರುತ್ತಿದ್ದರು. ನನ್ನ ಚೀಟಿ ಅವರ ಕೈ ಸೇರಿ, ತಪಾಸಣೆಯಾಗಿ, ಸೊಸೈಟಿಯ ಹಿಂದಿನ ಕೋಣೆಯಲ್ಲಿ ಡ್ರೈವರ್ ಬರೆಯುತ್ತಿದ್ದ ನೀಲಗಂಗವ್ವನಿಗೆ ಹೋಗುತ್ತಿತ್ತು. ಆಕೆಯ ಪ್ರಶ್ನೆ ಅದೇ ದಾರಿಯಲ್ಲಿ ಹಿಂದೆ ಬರುತ್ತಿತ್ತು. ಮೊದಲ ದಿನ ನಾನು ಬರೆದೆ: "ಹನ್ನೆರಡನೆಯ ಮನೆಗೆ ಏಳು ಕಳಿಸಿದರೆ ಪರದೆ ಕೆಂಪಾಗುತ್ತದೆ. ಓದಲು ಬಂದರೆ ತಿಳಿದೀತು." ಆಕೆಯಿಂದ ಬಂತು: "ಪೂರ್ತಿ ಕೆಂಪೋ ಅರ್ಧವೋ? ಬರೆಯಲು ಬಂದಿದ್ದರೆ ಬರೆಯುತ್ತಿದ್ದಿರಿ." ಎರಡರಲ್ಲೂ ಕೊನೆಯ ವಾಕ್ಯದ ಮೇಲೆ ರಾಯರು ಕೆಂಪು ಗೆರೆ ಎಳೆದಿದ್ದರು. ಎಳೆದ ಗೆರೆಯ ಕೆಳಗೆ ಅಕ್ಷರ ಚೆನ್ನಾಗಿಯೇ ಓದಲು ಬರುತ್ತಿತ್ತು, ಅದು ಬೇರೆ ಮಾತು.

ಮಗಳು ಅನಸೂಯಾ ಬರೆಯುವವರ ಮನೆಯವಳಾದ್ದರಿಂದ ಅವಳ ಜೊತೆಗೂ ನಾನು ಮಾತಾಡುವಂತಿರಲಿಲ್ಲ. ನೀರಿಗೆ ಬಂದಾಗ ಎದುರಾದರೆ ಅವಳು ಕೊಡ ತಿರುಗಿಸಿ ಇನ್ನೊಂದು ಓಣಿಗೆ ಹೋಗುತ್ತಿದ್ದಳು. ಅವಳು ಎಂದು ನಾನು ತಿಳಿಯುತ್ತಿದ್ದದ್ದು ಸೀರೆಯ ಬಣ್ಣದಿಂದ, ಮುಖದಿಂದಲ್ಲ. ಒಮ್ಮೆ ಚೀಟಿಯ ಕೊನೆಗೆ "ಅನಸೂಯಾಳ ಕೆಮ್ಮು ನಿಂತಿತೇ?" ಎಂದು ಬರೆದೆ. ರಾಯರು ಅದನ್ನು ಹೊಡೆದುಹಾಕಿದರು. ಮರುದಿನ ಬಂದ ಪ್ರಶ್ನೆ ಹೀಗಿತ್ತು: "ಒಂಬತ್ತನೆಯ ಮನೆಯಲ್ಲಿ ಬರುತ್ತಿದ್ದ ತೊಂದರೆ ನಿಂತಿದೆ, ಈಗ ರಾತ್ರಿ ನೆಮ್ಮದಿಯಾಗಿದೆ. ಹತ್ತನೆಯದರ ವಿವರ ಕಳಿಸಿ." ಒಂಬತ್ತನೆಯ ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಗಿರಣಿಯ ಹಿಟ್ಟಿನಲ್ಲಿ ಕೂತು ನಾನು ಆ ಚೀಟಿಯನ್ನು ನಾಲ್ಕು ಸಲ ಓದಿದೆ.

ಆಮೇಲೆ ಏನಾಯಿತೆಂದರೆ, ನನಗೆ ಆ ಪ್ರಶ್ನೆಗಳ ರುಚಿ ಹತ್ತಿತು. ಆಕೆ ಸುಮ್ಮಸುಮ್ಮನೆ ಕೇಳುತ್ತಿರಲಿಲ್ಲ. ಕಾರ್ಡ್ ನಡೆಯುವುದನ್ನು ಕಣ್ಣಿಂದ ನೋಡದ ಹೆಂಗಸು ಅದರ ಹೊಟ್ಟೆಯೊಳಗೆ ಕೂತವಳ ಹಾಗೆ ಕೇಳುತ್ತಿದ್ದಳು. "ನೀವು ಹೇಳಿದ್ದು ನಿಜವಾದರೆ ಹಸಿರು ಮೊದಲು ಬರಬೇಕು. ಬರುತ್ತದೆಯೇ?" ಹಚ್ಚಿ ನೋಡಿದರೆ ಬರುತ್ತಿತ್ತು. ಐದು ವರ್ಷ ಇವಳ ಜೊತೆ ಮಾತಾಡದೆ ಎಷ್ಟು ಕಳೆದುಕೊಂಡೆ ಎಂದು ಹೊಟ್ಟೆ ಉರಿಯಿತು. ಮಾತಾಡಬೇಕು ಅನ್ನಿಸಿದಾಗ ಮಾತಾಡಬಾರದೆಂಬ ಕಾಯಿದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಮೂರನೆಯ ತಿಂಗಳು ನಲವತ್ತಾರರ ಸರದಿ ಬಂತು. ಎಲ್ಲಕ್ಕಿಂತ ಮೊದಲು, ಕಾರ್ಡ್ ಏಳುವ ಗಳಿಗೆಯಲ್ಲಿ, ಕಂಪನಿಯ ಡ್ರೈವರ್ ಮೂರನೆಯ ಮನೆಗೆ ನಲವತ್ತಾರು ಎಂಬ ಅಂಕಿ ಕಳಿಸುತ್ತಿತ್ತು. ಕಳಿಸಿದಾಗ ಪರದೆಯ ಮೂಲೆಯಲ್ಲಿ ಏನೋ ಕಣ್ಣುಮಿಟುಕಿಸುವಷ್ಟು ಹೊತ್ತು ಮೂಡಿ ಹೋಗುತ್ತಿತ್ತು. ಏನೋ ಎಂದಷ್ಟೇ ನನಗೆ ಗೊತ್ತಾದದ್ದು. ಹತ್ತಿರ ಹೋಗಿ ನೋಡಿದೆ, ಮೂಗು ಪರದೆಗೆ ತಾಗುವಷ್ಟು ಹೋದೆ, ಕಾಣಲಿಲ್ಲ. ಗಿರಣಿಯವನನ್ನು ಕರೆದು, "ಏನಪಾ ಅದು?" ಎಂದು ಕೇಳಿದ್ದರೆ ಹೇಳುತ್ತಿದ್ದ, ಸಂಜೆಯೊಳಗೆ ಊರಿಗೂ ಹೇಳುತ್ತಿದ್ದ. ಗೊತ್ತಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಬರೆದೆ: "ಮೂರನೆಯ ಮನೆಗೆ ನಲವತ್ತಾರು. ಇದು ಕಾರ್ಡ್ ಬೆಚ್ಚಗಾಗಲು."

ಮರುದಿನ ಪ್ರಶ್ನೆ: "ಬೆಚ್ಚಗಾಗಲು ಎಷ್ಟು ಹೊತ್ತು ಬಿಡಬೇಕು?"

ಸುಳ್ಳಿಗೆ ಒಂದು ಕಾಲು ಹಚ್ಚಿದ ಮೇಲೆ ಇನ್ನೊಂದು ಹಚ್ಚಲೇಬೇಕು. "ಚಹಾಕ್ಕೆ ಒಂದು ಕುದಿ ಬರುವಷ್ಟು," ಎಂದು ಬರೆದು ಕಳಿಸಿದೆ. ರಾಯರ ಕೆಂಪು ಪೆನ್ನು ಅದರ ಮೇಲೆ ಆಡಲೇ ಇಲ್ಲ. ಅದು ಮಾತ್ರ ಅವರಿಗೆ ಚೆನ್ನಾಗಿ ತಿಳಿಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪರದೆಯ ಮೇಲಿನದನ್ನು ದೊಡ್ಡದು ಮಾಡುವುದು ಹೇಗೆಂದು ನಾನು ಒಂದು ಚೀಟಿಯಲ್ಲೂ ಬರೆಯಲಿಲ್ಲ. ಬರೆದಿದ್ದರೆ ಇಷ್ಟು ದೊಡ್ಡದು ಯಾರಿಗೆ ಬೇಕು ಎಂದು ರಾಯರು ಕೇಳುತ್ತಿದ್ದರು. ಮೊದಲು ಪರದೆ ಬರಲಿ, ಆಮೇಲೆ ಕಳ್ಳತನದಿಂದ ಏನಾದರೂ ದಾರಿ ಹುಡುಕಿದರಾಯಿತು ಅಂದುಕೊಂಡಿದ್ದೆ.

ಶ್ರಾವಣದಲ್ಲಿ ಡ್ರೈವರ್ ಮುಗಿಯಿತು. ಕಟ್ಟೆಯ ಮೇಲೆ ಮೇಜು ಹಾಕಿ, ಕಂಪ್ಯೂಟರನ್ನು ತಂದಿಟ್ಟು, ನೀಲಗಂಗವ್ವ ಓದಲು ನಿಂತಳು. ನಾಲ್ಕು ದಿನ ಓದಿದಳು. ನಮ್ಮಲ್ಲಿ ಓದು ಕೇಳುವವರು ಸಾಲಿಗೊಮ್ಮೆ ತಲೆ ಆಡಿಸಬೇಕು, ಅದು ಮರ್ಯಾದೆ. ಹೆಂಗಸರು ಶೇಂಗಾ ಸುಲಿಯುತ್ತ ತಲೆ ಆಡಿಸಿದರು, ಗಂಡಸರು ನಿದ್ದೆಯಲ್ಲೇ ತಲೆ ಆಡಿಸಿದರು. ಹಿರಿಯರೊಬ್ಬರು ನಡುನಡುವೆ "ಆ ಸಾಲು ಇನ್ನೊಮ್ಮೆ ಬರಲಿ" ಎಂದು ರಾಗ ಕೇಳಿದವರ ಹಾಗೆ ಕೇಳಿದರು. ಮೂರನೆಯ ಮನೆಯ ನಲವತ್ತಾರು ಬಂದಾಗ, "ಇದು ಕಾರ್ಡ್ ಬೆಚ್ಚಗಾಗಲು" ಎಂದು ಆಕೆ ಓದಿದಾಗ, ಇಡೀ ಕಟ್ಟೆ ತಲೆ ಆಡಿಸಿತು. ಅದರ ನಂತರದ ಒಂದು ಸಾಲೂ ನನ್ನ ಕಿವಿಗೆ ಬೀಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಓದು ಮುಗಿದು ಗುಂಡಿ ಒತ್ತಿದರು. ಪರದೆ ಕಪ್ಪಗೆ ಇತ್ತು. ಚಹಾಕ್ಕೆ ಒಂದು ಕುದಿ ಬರುವಷ್ಟು ಹೊತ್ತು ಎಲ್ಲರೂ ಕಾದರು. ಎರಡು ಕುದಿಯಷ್ಟು ಕಾದರು. ಪರದೆ ಕಪ್ಪಗೇ ಇತ್ತು.

"ಏನೋ ಮುಚ್ಚಿಟ್ಟಾರ," ಎಂದಿತು ಒಂದು ದನಿ.

"ಹೋಳಿಗಿ ದಿನಾನೂ ಹಿಂಗ ಆಗಿತ್ತಲ್ಲ," ಎಂದಿತು ಇನ್ನೊಂದು. ಜನ ನೀಲಗಂಗವ್ವನ ಕಡೆ ತಿರುಗಿದರು. ಬರೆದವಳು ಆಕೆ, ಓದಿದವಳು ಆಕೆ, ಮೊದಲೇ ಹೆಸರು ಕೆಟ್ಟವಳು ಆಕೆ. ಹೆಸರು ಕೆಡಿಸಿದವಳು ನಾನು. ಆಕೆಯ ಪಕ್ಕಕ್ಕೆ ಅನಸೂಯಾಳ ಹಸಿರು ಸೀರೆ ಸರಿದು ನಿಂತದ್ದು ಕಂಡಿತು.

"ಚೀಟ್ಯಾಗ ಇದ್ದಷ್ಟು ಬರದೀನಿ," ಅಂದಳು ನೀಲಗಂಗವ್ವ. "ನನ್ನ ಕಡೆ ಏನೂ ಮುಚ್ಚಿಟ್ಟಿಲ್ಲ."

ಅದೇ ಮಾತು, ಅದೇ ದನಿ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಊರವರು ಆಕೆಯನ್ನು ನಾಲ್ಕು ದಿನ ಬೈದು, ಇನ್ನೊಬ್ಬರ ಕೈಲಿ ಮತ್ತೆ ಬರೆಸುತ್ತಿದ್ದರು, ಅಷ್ಟರಲ್ಲಿ ನಾನು ಹೇಗಾದರೂ ನಲವತ್ತಾರನ್ನು ತಿದ್ದಿ, ನನ್ನ ಕುರ್ಚಿಯಲ್ಲಿ ನಾನು ಕೂತಿರಬಹುದಿತ್ತು. ಅದನ್ನೆಲ್ಲ ಲೆಕ್ಕ ಹಾಕುತ್ತಲೇ ಇದ್ದೆ, ಕಾಲು ಮಾತ್ರ ನನ್ನನ್ನು ಕೇಳದೆ ಎದ್ದು ನಿಂತವು.

"ನಲವತ್ತಾರು ಯಾಕಂತ ನನಗ ಗೊತ್ತಿಲ್ಲ," ಅಂದೆ.

ಕಟ್ಟೆಯ ಮೇಲೆ ಶೇಂಗಾ ಸುಲಿಯುವ ಸದ್ದು ನಿಂತಿತು. ಅರವತ್ತು ವರ್ಷದ ಹೆಂಗಸು ನಡು ಊರಿನಲ್ಲಿ ನಿಂತು ಆ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ.

"ಗೊತ್ತಿಲ್ಲ ಅಂದ್ರ?" ರಾಯರು ಚೀಟಿಗಳ ಕಡತ ತೆರೆದರು. "ಬೆಚ್ಚಗಾಗಲಿಕ್ಕೆ ಅಂತ ನಿಮ್ಮ ಕೈಯಿಂದನ ಬರದೀರಿ. ದಿನಾ ಅದರ ಮುಂದ ಕೂತವರು ನೀವು. ಪರದಿ ಮ್ಯಾಲೆ ಬಂದದ್ದು ಗಿರಣಿಗೆ ಬಂದವರಿಗೆಲ್ಲಾ ಕಾಣ್ತದ, ನಿಮಗ ಹ್ಯಾಂಗ ಗೊತ್ತಿಲ್ಲ?"

"ನನಗ ಕಣ್ಣ ಕಾಣಂಗಿಲ್ರೀ ರಾಯರ," ಅಂದೆ. "ನಾಲ್ಕು ವರ್ಷಾತು. ಮೂಲ್ಯಾಗ ಏನೋ ಬರತಿತ್ತು, ಏನಂತ ಕಾಣಲಿಲ್ಲ. ಸುಳ್ಳ ಬರದೆ. ನೀಲಗಂಗವ್ವಾರು ಏನೂ ಮುಚ್ಚಿಟ್ಟಿಲ್ಲ. ಹೋಳಿಗ್ಯಾಗೂ ಮುಚ್ಚಿಟ್ಟಿರಲಿಲ್ಲ. ಆವತ್ತ ನಮ್ಮನಿ ಹಾಲೂ ಒಡದಿತ್ತು."

ಹೇಳಿ ಮುಗಿಸಿ ಕೂತೆ. ಅಷ್ಟರಲ್ಲಿ ಮೇಜಿನ ಕಡೆಯಿಂದ ಪೆನ್ನು ಕೆರೆಯುವ ಸದ್ದು ಕೇಳಿತು. ನೀಲಗಂಗವ್ವ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆಯುತ್ತಿದ್ದಳು.

"ಗೊತ್ತಿಲ್ಲ ಅಂತ ಬರಿಯೋ ಪದ್ಧತಿ ಇಲ್ಲ," ಅಂದರು ರಾಯರು.

"ಇವತ್ತಿಂದ ಐತಿ," ಅಂದಳು ಆಕೆ. ಮೂರು ತಿಂಗಳಲ್ಲಿ ಆಕೆ ರಾಯರ ಮಾತನ್ನು ದಾಟಿದ್ದು ಅದೇ ಮೊದಲು. ಕಾಗದ ಎತ್ತಿ ಹಿಡಿದು ಓದಿದಳು: "ಮೂರನೆಯ ಮನೆಗೆ ನಲವತ್ತಾರು ಕಳಿಸಬೇಕು. ಯಾಕೆ ಎಂದು ನೋಡಿದವರಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ಗೊತ್ತಾದವರು ತಿದ್ದಬೇಕು."

ಈ ಸಲ ತಲೆ ಆಡಿಸುವುದು ಹೇಗೆಂದು ಜನರಿಗೆ ತಿಳಿಯಲಿಲ್ಲ. "ಖರೇ ಹೇಳಬೇಕಂದ್ರ ನನಗೂ ಗೊತ್ತಾಗಿರಲಿಲ್ಲ," ಅಂದರು ರಾಗ ಕೇಳುತ್ತಿದ್ದ ಹಿರಿಯರು. "ನನಗೂ," "ನನಗೂ" ಎಂದು ಅಲ್ಲೊಬ್ಬರು ಇಲ್ಲೊಬ್ಬರು ಶುರು ಮಾಡಿದರು. ಒಬ್ಬ ಗಂಡಸು ಎದ್ದು, ತನಗೆ ಫ್ಯಾನೂ ಪೂರ್ತಿ ಗೊತ್ತಿಲ್ಲ ಎಂದು ಹೇಳಿ, ಹೆಂಡತಿಯ ಮುಖ ನೋಡಿ ಕೂತುಕೊಂಡ. ಈ ಗದ್ದಲದ ನಡುವೆ ಪರದೆ ಯಾವಾಗ ಬೆಳಗಿತೋ ಯಾರೂ ನೋಡಲಿಲ್ಲ. ಅನಸೂಯಾ ಕೂಗಿದಾಗ ತಿರುಗಿದೆವು. ಕೆಂಪು, ಹಸಿರು, ನೀಲಿ, ನಾನು ಚೀಟಿಯಲ್ಲಿ ಬರೆದ ಬಣ್ಣಗಳೆಲ್ಲ ಬಂದು ನಿಂತಿದ್ದವು. ನನಗೆ ಅವು ಬಣ್ಣದ ಮಂಜಾಗಿ ಕಂಡವು.

ರಾಯರು ನನ್ನ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ ಅವರು. "ದಾನಮ್ಮನವರ, ಏಳನೇ ಕಲಮು ನಿಮಗೂ ಗೊತ್ತದ. ಚೌಕ ಕಾಣದವರಿಗೆ ನಕ್ಷಿ ಕೆಲಸ ಇಲ್ಲ. ನನ್ನ ಕೈಯಾಗ ಏನೂ ಇಲ್ಲ."

ಮೂವತ್ತೆಂಟು ವರ್ಷ ಒಂದು ಮಾತಿಗೆ ಮುಗಿಯಿತಲ್ಲ ಎಂದು ನಾನು ಸೆರಗು ಹೊದ್ದುಕೊಂಡೆ.

"ಕಲಮಿನ್ಯಾಗ ಚೌಕ ಎಷ್ಟ ದೊಡ್ಡದಿರಬೇಕಂತ ಬರದೈತೇನ್ರೀ?" ಎಂದಳು ನೀಲಗಂಗವ್ವ.

"ಇಲ್ಲ."

ಆಕೆ ಮೇಜಿನ ಮುಂದೆ ಕೂತು, ಸೀರೆಯ ನಕ್ಷೆಯೊಂದನ್ನು ತೆರೆದು, ಒಂದು ಗುಂಡಿ ಒತ್ತಿದಳು. ಪರದೆಯ ಮೇಲಿದ್ದ ಚೌಕಗಳು ಬಟಾಣಿಯಷ್ಟಿದ್ದವು ಬಿಲ್ಲೆಯಷ್ಟಾದವು, ಬಿಲ್ಲೆಯಷ್ಟಿದ್ದವು ರೊಟ್ಟಿಯಷ್ಟಾದವಂತೆ. ರಾಯರು ಕಡತವನ್ನು ಸರಸರ ತಿರುವಿದರು. ಅವರ ಮುಖ ಕೆಂಪಾದದ್ದನ್ನು ಆಮೇಲೆ ಅನಸೂಯಾ ಹೇಳಿದಳು. "ಇದು ಯಾವ ಚೀಟ್ಯಾಗ ಅದ? ದೊಡ್ಡದು ಮಾಡೋ ವಿಷಯ ಒಂದರಾಗೂ ಇಲ್ಲ. ನೀವಿಬ್ಬರು ನನ್ನ ಕಣ್ಣು ತಪ್ಪಿಸಿ ಮಾತಾಡೀರಿ. ಕಾಯದೆ ಮುರದೀರಿ."

"ನಾಕ ದಿನ ಓದೀನಿ, ಇದನ್ನೂ ಓದೀನಿ, ನೀವೂ ತಲಿ ಆಡಿಸೀರಿ," ಅಂದಳು ನೀಲಗಂಗವ್ವ. "ಒಂದು ಚುಕ್ಕಿ ಇಡೋ ಕಡೆ ನೂರು ಚುಕ್ಕಿ ಇಡು ಅಂತ ಬರದೀನಿ, ಅಷ್ಟ. ಅದಕ್ಕ ಯಾರ ಗುಟ್ಟೂ ಬೇಕಾಗಿಲ್ಲ."

"ಆದ್ರ ದೊಡ್ಡದು ಬೇಕಂತ ನಿಮಗ ಹೇಳಿದವರ್ಯಾರು?"

"ಚೀಟಿನ ಹೇಳ್ಯಾವ. ತಗದ ನೋಡ್ರಿ. ಮೊದಲನೇ ವಾರ ಒಂದು ಹಾಳಿಗೆ ಇಪ್ಪತ್ತು ಸಾಲು ಬರದಾರ. ಆಮ್ಯಾಲೆ ಹನ್ನೆರಡು. ಕಡೀ ವಾರದ ಚೀಟ್ಯಾಗ ನಾಕ ಸಾಲು, ಒಂದೊಂದು ಅಕ್ಷರ ಹೆಬ್ಬೆಟ್ಟಿನಷ್ಟು. ಯಾರ ಕೈ ಹಂಗ ಬರೀತೈತಿ ಅಂತ ನನಗ ತಿಳಿಯೂದಿಲ್ಲೇನು?"

ರಾಯರು ಕಡತದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಹೋದರು. ಬಹಳ ಹೊತ್ತು ತಿರುವಿದರು. ಆಮೇಲೆ ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಗಿಟ್ಟುಕೊಂಡರು. "ಅಕ್ಷರದ ಅಳತಿ ಬಗ್ಗೆ ಕಾಯದೆದಾಗ ಏನೂ ಇಲ್ಲ," ಅಂದರು. "ಚೌಕದ ಅಳತಿ ಬಗ್ಗೆನೂ ಇಲ್ಲ. ದಾನಮ್ಮನವರಿಗೆ ಕಾಣ್ತದ ಅಂದ್ರ ಆತು."

ಅನಸೂಯಾ ನನ್ನ ರಟ್ಟೆ ಹಿಡಿದು ಕರೆದೊಯ್ದು ಪರದೆಯ ಮುಂದೆ, ನೀಲಗಂಗವ್ವನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಊರೆಲ್ಲ ಹಿಂದೆ ಬಂದು ನಿಂತಿತು. ನೀಲಗಂಗವ್ವ ನನ್ನ ಕಡೆ ತಿರುಗಿದಳು. ಐದು ವರ್ಷದ ಮೇಲೆ, ನಡುವೆ ರಾಯರಿಲ್ಲದೆ, ಚೀಟಿಯಿಲ್ಲದೆ, ನೇರವಾಗಿ ನನ್ನನ್ನು ಕೇಳಿದಳು.

"ಕಾಣತೈತೇನ್ರೀ ಬೀಗತ್ಯಾರ?"

ನಾನು ನೋಡಿದೆ. "ಕಾಣವಲ್ದು," ಅಂದೆ.

ಆಕೆ ಮತ್ತೆ ಗುಂಡಿ ಒತ್ತಿದಳು. ಚೌಕಗಳು ಮೊರದಷ್ಟಾದವು, ಪರದೆಯಲ್ಲಿ ನಾಲ್ಕೇ ಹಿಡಿದವು. "ಈಗ?"

"ಇಲ್ರೀ."

ಇನ್ನೊಮ್ಮೆ ಒತ್ತಿದಳು. ಒಂದೇ ಒಂದು ಕೆಂಪು ಚೌಕ ಇಡೀ ಪರದೆಯನ್ನು ತುಂಬಿಕೊಂಡಿತು. ಅದಕ್ಕಿಂತ ದೊಡ್ಡದು ಮಾಡಲು ಜಾಗವೇ ಇರಲಿಲ್ಲ. "ಈಗರ ಕಾಣತೈತೇನ್ರೀ?" ಎಂದು ಕೇಳಿದ ಆಕೆಯ ದನಿಯಲ್ಲಿ ಭಯವಿತ್ತು.

ನಾನು ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡೆ. ಮೂಗನ್ನೂ ಒರೆಸಿಕೊಂಡೆ.

"ಸಾಕ್ರೀ, ಕಾಣತೈತಿ," ಅಂದೆ. "ಈಗ ಸ್ವಲ್ಪ ಸಣ್ಣದು ಮಾಡ್ರಿ."